ಜಂಬಣ್ಣ ಹಬ್ಬಿಸಿದ ಗೋಡೆ

ಬಾದನಹಟ್ಟಿಯ ಜಂಬಣ್ಣ ಬಳ್ಳಾರಿಗೆ ಬಂದು ಕಲಿತದ್ದು ಒಂದೇ ವಿದ್ಯೆ: ಗೋಡೆಗೆ ಬಳ್ಳಿ ಹಬ್ಬಿಸುವುದು. ಸಾವಿರದ ಒಂಬೈನೂರ ಅರವತ್ತಾರರಲ್ಲಿ ಕೊಟ್ರಬಸಪ್ಪ ಸಾವುಕಾರರು ಪಾರ್ವತಿನಗರದಲ್ಲಿ ಮಹಡಿ ಮನೆ ಕಟ್ಟಿಸಿದಾಗ ಪಡುವಣ ಗೋಡೆ ಸಂಜೆಗೆ ಕಾದ ಹಂಚಾಗುತ್ತಿತ್ತು. ಅದರ ಒಳಮಗ್ಗುಲಿಗೇ ಸಾವುಕಾರರ ತಾಯಿ ಗುರುಬಸಮ್ಮನವರ ಕೋಣೆ. ಮುದುಕಿ ಸೆಕೆ ತಾಳಲಾರದೆ ಒದ್ದಾಡಿದ್ದಕ್ಕೆ ಜಂಬಣ್ಣನನ್ನು ಕರೆಸಿದರು.

ಮನೆ ಸುತ್ತಲಿನ ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಬಳ್ಳಿಯ ಬೇರನ್ನೇ ತುಂಡರಿಸುತ್ತದೆ. ಸಾವುಕಾರರ ಅಕ್ಕಿ ಗಿರಣಿ ಇದ್ದದ್ದು ಸಿರುಗುಪ್ಪದಲ್ಲಿ. ಅಲ್ಲಿಂದ ಬರುವ ಲಾರಿಯಲ್ಲಿ ಡ್ರೈವರ್ ಎರ್ರಣ್ಣ ಬಳ್ಳಿಗೆಂದು ಕಾಲುವೆಯ ಮೆಕ್ಕಲು ಮಣ್ಣು ತಂದು ಸುರಿದ. ಜಂಬಣ್ಣ ಎಳೆ ಕುಡಿಗಳನ್ನು ಒಂದೊಂದಾಗಿ ಗೋಡೆಗೆ ಒತ್ತಿ, ಸಗಣಿ ಕಲಸಿದ ಜೇಡಿಮಣ್ಣಿನ ಬೊಟ್ಟು ಇಟ್ಟು ಹಿಡಿಸುತ್ತಿದ್ದ. ಬಳ್ಳಿ ತಾನಾಗಿ ಕಚ್ಚಿಕೊಂಡ ಮೇಲೆ ಬೊಟ್ಟು ಒಣಗಿ ಉದುರುತ್ತಿತ್ತು. ಐದು ವರ್ಷಕ್ಕೆ ಗೋಡೆಯ ಸುಣ್ಣವೇ ಕಾಣದಾಯಿತು. ಏಣಿ ಹತ್ತಿ ಕತ್ತರಿ ಆಡಿಸುವಾಗ ಎರ್ರಣ್ಣ ಕೆಳಗಿನಿಂದ ಕೂಗುತ್ತಿದ್ದ:

"ಏನಪಾ ಜಂಬಣ್ಣ, ಗೋಡಿಗೆ ಕ್ಷೌರ ನಡದೈತೇನು? ಹಂಗ ನಂದೂ ಒಂದೀಟು ನೋಡು."

"ನಿನ್ನ ತಲ್ಯಾಗ ಏನೂ ಬೆಳ್ಯಂಗಿಲ್ಲ ಬಿಡು, ಮಣ್ಣು ಚಲೋ ಇಲ್ಲ."

ಎಪ್ಪತ್ತೆರಡರಲ್ಲಿ ತಾರಸಿಯ ಕೆಳಗೆ, ಬಳ್ಳಿಯ ನಡುವೆ, ಬೇರೆಯೇ ಎಲೆಯೊಂದು ಕಂಡಿತು. ಹಕ್ಕಿ ಹಾಕಿ ಹೋದ ಅರಳಿ.

"ಅಮ್ಮಾರ, ಈಗ ಬೆರಳುದ್ದ ಐತ್ರಿ. ಈಗ್ಲೆ ಕಿತ್ತುಬಿಡ್ತೀನಿ. ಬಿಟ್ರ ಗೋಡಿ ಸೀಳತೈತ್ರಿ."

"ಕೈ ಹಚ್ಚೀಯ, ಜೋಕಿ!" ಎಂದರು ಗುರುಬಸಮ್ಮ. "ಸೊಸಿ ಬಸುರಿ ಅದಾಳ. ಅರಳಿ ಕಿತ್ರ ವಂಶ ಕಿತ್ತಂಗ. ಅದಕ್ಕೂ ನೀರು ಹಾಕು."

ಜಂಬಣ್ಣ ಹಾಕಿದ. ಮೊಮ್ಮಗ ಹುಟ್ಟಿದ. ಅರಳಿಗೆ ಅರಿಸಿನದ ದಾರ ಬಂತು. ಅದನ್ನು ಏಣಿ ಹತ್ತಿ ಕಟ್ಟಿದವನೂ ಜಂಬಣ್ಣನೇ.

ಎಪ್ಪತ್ತೇಳರ ಮಳೆಗಾಲಕ್ಕೆ ಗುರುಬಸಮ್ಮನವರ ಕೋಣೆಯೊಳಗೆ ಕೈ ತೂರುವಷ್ಟು ಬಿರುಕು ಬಿತ್ತು. ನೋಡಲು ಬಂದ ಇಂಜಿನಿಯರು ಎರಡೇ ಮಾತು ಹೇಳಿ ಹೋದರು: ಅರಳಿ ಬೇರು, ಕೂಡಲೇ ತೆಗೆಸಿ. ಆ ರಾತ್ರಿ ಮನೆಯವರೆಲ್ಲ ಕೂತು ಯೋಚಿಸಿದರು. ಬೆಳಗಾಗುವಷ್ಟರಲ್ಲಿ ತಪ್ಪು ಅರಳಿಯದಾಗಿ ಉಳಿದಿರಲಿಲ್ಲ.

"ಲೇ ಜಂಬ್ಯಾ, ನಿನ್ನ ಬಳ್ಳಿ ತಂಪಿಗೇ ಗೋಡಿ ಒಡದೈತಿ," ಎಂದರು ಸಾವುಕಾರರು. "ಇವತ್ತ ಕೊಯ್ದು ಹಾಕು."

"ಸಾವ್ಕಾರ್ರ, ಇಂಜಿನಿಯರ್ ಸಾಹೇಬ್ರು ಅರಳಿ ಅಂದ್ರಲ್ರಿ. ನಾ ಅದೀನಿ, ನಾ ಕೀಳ್ತೀನಿ. ಪಾಪ ಬಂದ್ರ ನನಗ ಬರ್ಲಿ. ಬಳ್ಳಿ ಬಿಡ್ರಿ."

"ಮನಿ ನಂದು, ಪಾಪ ನಿನಗ ಹೆಂಗ ಬರ್ತೈತಲೇ? ಹೇಳಿದ್ದು ಮಾಡು."

ದೇವರಿಗೆ ನೋವಾಗಬಾರದು. ಆಳಿನ ಹನ್ನೊಂದು ವರ್ಷಕ್ಕೆ ಆದರೆ ಅಡ್ಡಿಯಿಲ್ಲ. ಆ ದೊಡ್ಡ ಮನೆಯಲ್ಲಿ ಓದಿದವರೂ ಇದ್ದರು, ಒಬ್ಬರೂ ಬಾಯಿ ಬಿಡಲಿಲ್ಲ. ಬಾಯಿ ಬಿಡದವರೇ ಸಂಜೆ ಪಾರಾಯಣಕ್ಕೆ ಕೂತರು.

ಜಂಬಣ್ಣ ಕುಡಗೋಲು ಮಸೆದ. ಬಳ್ಳಿಯ ಬುಡದ ಕಾಂಡ ಅವನ ಮುಂಗೈಯಷ್ಟು ದಪ್ಪವಿತ್ತು. ನಾಲ್ಕು ಏಟಿಗೆ ತುಂಡಾಯಿತು. ಹಾಲು ಸೋರಿತು. ಒರೆಸಿಕೊಂಡು ಬೀಡಿ ಹಚ್ಚಿದ. ಅರ್ಧ ಸೇದಿ, ಆರಿದ್ದೂ ತಿಳಿಯದೆ ಬಾಯಲ್ಲೇ ಇಟ್ಟುಕೊಂಡಿದ್ದ.

ಮರುದಿನ ಗುರುಬಸಮ್ಮ ಅಂಗಳಕ್ಕೆ ಬಂದು ಕಣ್ಣಿಗೆ ಕೈ ಅಡ್ಡ ಹಿಡಿದರು.

"ಯಾಕಲೇ, ಇನ್ನೂ ಹಸರ ಐತಲ್ಲ? ಕೊಯ್ದೀಯೋ ಇಲ್ಲೋ?"

"ಕೊಯ್ದೀನ್ರಿ ಅಮ್ಮಾರ. ಅದಕ್ಕಿನ್ನೂ ಗೊತ್ತಾಗಿಲ್ಲ."

ನಾಲ್ಕನೆಯ ದಿನ ಎಲೆ ಮುದುಡಿದವು. ವಾರದಲ್ಲಿ ಗೋಡೆ ಕಂದು ಬಣ್ಣಕ್ಕೆ ತಿರುಗಿತು. ಒಣಗಿದ್ದನ್ನು ಎಳೆದು ಹಾಕುವಾಗ ಗಾರೆಯೂ ಚಕ್ಕೆ ಚಕ್ಕೆಯಾಗಿ ಕಿತ್ತುಬಂತು. ಬೋಳುಗೋಡೆಯ ಮೇಲೆ ಉಳಿದದ್ದು ದಾರ ಸುತ್ತಿದ ಅರಳಿ ಒಂದೇ. ಬಿರುಕಿಗೆ ಸಿಮೆಂಟು ಮೆತ್ತಿಸಿದರು. ಬೇಸಿಗೆಗೆ ಗುರುಬಸಮ್ಮ ಸೆಕೆ ತಾಳದೆ ಮೂಡಣ ಕೋಣೆಗೆ ಮಂಚ ಹಾಕಿಸಿಕೊಂಡರು.

ಜಂಬಣ್ಣನ ಕೆಲಸ ಹೋಗಲಿಲ್ಲ. ದಿನಾ ಬೆಳಿಗ್ಗೆ ಕೊಡ ಹಿಡಿದು ಏಣಿ ಹತ್ತುತ್ತಾನೆ, ಅರಳಿಗೆ ನೀರು ಹಾಕುತ್ತಾನೆ, ಇಳಿಯುತ್ತಾನೆ. ಬಿರುಕು ಸಿಮೆಂಟಿನ ಪಕ್ಕದಲ್ಲೇ ಮತ್ತೆ ಬಾಯಿ ಬಿಟ್ಟಿದೆ. ಮೊದಲು ಕಂಡವನು ಅವನೇ. ಯಾರಿಗೂ ಹೇಳಿಲ್ಲ.