ಕಂಪ್ಯೂಟರಿನ ಕಾವು ಇಳಿಸುವ ಸೋಸಲೆಯ ರೋಜಾ

ಆಗಷ್ಟೇ ಬೆಳಕು ಹರಿಯುತ್ತಿದೆ. ತಿ. ನರಸೀಪುರದ ಬಸ್ ನಿಲ್ದಾಣದ ಎದುರಿನ ಗೇಮ್ ಸೆಂಟರಿನ ಶಟರ್ ಅರ್ಧ ಎದ್ದಿದೆ. ಒಳಗೆ ರೋಜಾ ಚಾಪೆಯ ಮೇಲೆ ಕೂತು, ಕಂಪ್ಯೂಟರಿನ ಮಗ್ಗುಲ ತಗಡು ಬಿಚ್ಚಿ, ಒಳಗಿನ ಫ್ಯಾನಿಗೆ ಕಿವಿಗೊಟ್ಟಿದ್ದಾಳೆ. ಫ್ಯಾನೇನೋ ಸರಿಯಾಗಿ ತಿರುಗುತ್ತಿದೆ. ಆದರೆ ಆಟ ಶುರುವಾಗಿ ಸ್ವಲ್ಪ ಹೊತ್ತಿಗೆಲ್ಲ ಮಷೀನು ಕಾದು ತಾನಾಗಿಯೇ ಆಫ್ ಆಗುತ್ತದೆ. ಈ ಸಲದ, ಅಂದರೆ 2006ರ ದಸರೆ ಮುಗಿದಾಗಿನಿಂದ ಇದೇ ಗೋಳು.

"ಮಗೀಗೆ ಜ್ವರ ಬಂದಂಗದೆ ಸಾ. ಏನ್ ಮಾಡುದ್ರೂ ಇಳೀತಿಲ್ಲ," ಎಂದು ಅವಳ ಕೆಲಸ ನೋಡಲು ಬಂದ ನನಗೆ ಹೇಳುತ್ತಾಳೆ. ಹಬ್ಬದಲ್ಲಿ ಉಳಿದ ಒಬ್ಬಟ್ಟು ಕೂಡ ಗಂಟಲಲ್ಲಿ ಇಳಿದಿಲ್ಲವಂತೆ.

ಇಳಿಯುವುದಾದರೂ ಹೇಗೆ? ಸೋಸಲೆಯ ಚಲುವಯ್ಯನವರ ಮಗಳು ರೋಜಾ, ಐಟಿಐ ಮುಗಿಸಿ ತಾಂಡ್ಯದ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಾನಿಕ್ ಬೋರ್ಡುಗಳಿಗೆ ಬೆಸುಗೆ ಹಾಕುತ್ತಿದ್ದವಳು. ಕೈಯಲ್ಲಿದ್ದ ಕೆಲಸ ಬಿಟ್ಟು ಕಂಪ್ಯೂಟರ್ ಜೋಡಿಸುತ್ತೇನೆಂದು ಹೊರಟಾಗ ಅಪ್ಪ ಮಾತು ಬಿಟ್ಟಿದ್ದರು. ಊರವರ ರಿಪೇರಿ ಮಾಡಿಕೊಂಡಿದ್ದವಳಿಗೆ ಸಿಕ್ಕ ಮೊದಲ ದೊಡ್ಡ ಕೆಲಸ ಇದು. ಐದು ಮಷೀನು ಬೇಕೆಂದ ಸೆಂಟರಿನ ಮಾಲೀಕ ಅಮೃತೇಶ್, ಮೊದಲು ಒಂದನ್ನು ಮಾಡಿಸಿ ನೋಡಿದ್ದಾರೆ. ಅದೇ ಈಗ ಕೈಕೊಟ್ಟಿದೆ. "ಇವತ್ತೂ ನಿಂತ್ರೆ ಮಿಕ್ಕ ನಾಲ್ಕುನ್ನ ಮೈಸೂರ್ನೋರ್ ತಾವೇ ಮಾಡುಸ್ತೀನಿ ಕಣಮ್ಮ. ಬೇಜಾರ್ ಮಾಡ್ಕಬ್ಯಾಡ," ಎಂದು ನಿನ್ನೆ ಹೇಳಿಬಿಟ್ಟಿದ್ದಾರೆ.

ಅವಳ ಕೆಲಸ ಸುಲಭದ್ದಲ್ಲ. ಈಗಿನ ಆಟಗಳು ಸರಾಗವಾಗಿ ಓಡಲೆಂದು ಪ್ರೊಸೆಸರನ್ನು ಕಂಪನಿ ಗೊತ್ತು ಮಾಡಿದ ವೇಗಕ್ಕಿಂತ ಜೋರಾಗಿ ಓಡಿಸಬೇಕು. ಅದಕ್ಕೆ ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ವೇಗ ಏರಿದಷ್ಟೂ ಕಾವು ಏರುತ್ತದೆ. ಅದಕ್ಕೇ ಬಿಡಿಭಾಗ ಆರಿಸುವಾಗ ಎಲ್ಲರೂ ಪ್ರೊಸೆಸರ್ ನೋಡಿದರೆ, ರೋಜಾ ಕರೆಂಟು ಕೊಡುವ ಎಸ್‌ಎಂಪಿಎಸ್ ಎತ್ತಿ ತೂಕ ನೋಡುತ್ತಾಳೆ; ಭಾರ ಇದ್ದಷ್ಟೂ ಒಳಗಿನ ಸಾಮಾನು ಗಟ್ಟಿ ಎಂಬುದು ಅವಳ ಲೆಕ್ಕ. ಆಮೇಲೆ ಕಾವು ಹೀರುವ ತಾಮ್ರದ ಹೀಟ್‌ಸಿಂಕ್.

"ಉಡುಗ್ರು ನೀಲಿ ಲೈಟ್ ಆಕ್ಕೊಡಿ ಅಂತವೆ. ಒಟ್ಟೆಗಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಊವು! ಗಾಳಿ ಬರಕ್ಕೊಂದು ದಾರಿ, ಓಗಕ್ಕೊಂದು ದಾರಿ. ಅದಾದ್ಮೇಲೆ ಲೈಟು," ಎಂದು ನಗಲು ನೋಡುತ್ತಾಳೆ. ನಗು ಬರುವುದಿಲ್ಲ.

ಹೀಟ್‌ಸಿಂಕನ್ನು ಫ್ಯಾನ್ ಸಮೇತ ಕಿತ್ತು, ಅಡಿಯಲ್ಲಿ ಕಾವು ದಾಟಿಸಲು ಹಚ್ಚಿದ್ದ ಪೇಸ್ಟ್ ಒರೆಸಿ ಹೊಸದು ಹಚ್ಚಿದ್ದಾಯಿತು. ಎಸ್‌ಎಂಪಿಎಸ್ ಬದಲಾಯಿಸಿದ್ದಾಯಿತು. ವೇಗವನ್ನೂ ಒಂದಿಷ್ಟು ತಗ್ಗಿಸಿದ್ದಾಯಿತು. ಇನ್ನು ಉಳಿದಿರುವುದು ತಾನು ಆರಿಸಿದ ಹೀಟ್‌ಸಿಂಕೇ ತಪ್ಪು ಎಂದು ಒಪ್ಪಿಕೊಳ್ಳುವುದು. ಕೊನೆಯದಾಗಿ, ಇದುವರೆಗೂ ಬಿಚ್ಚದ ಫ್ಯಾನನ್ನು ಅದರ ಮೇಲಿಂದ ಬೇರೆ ಮಾಡುತ್ತಾಳೆ. ತಾಮ್ರದ ಎಲೆಗಳ ಸಂದು ಸಂದಿನಲ್ಲೂ ಬೂದುಬಣ್ಣದ ಪುಡಿ ಗಿಡಿದು ಕೂತಿದೆ. ಊರಿನ ಅಕ್ಕಿ ಗಿರಣಿಯ ದೂಳೇ? ಬೆರಳಲ್ಲಿ ತೆಗೆದು ಮೂಸುತ್ತಾಳೆ. ವಿಭೂತಿ!

ಅಷ್ಟರಲ್ಲಿ ಹೂವಿನ ಬುಟ್ಟಿ ಹಿಡಿದು ಅಮೃತೇಶರ ತಾಯಿ ಮಲ್ಲಾಜಮ್ಮ ಬರುತ್ತಾರೆ.

"ಅಮ್ಮಾರೇ, ಆಯುಧಪೂಜೆ ದಿನ ಇದ್ಕೆ ವಿಭೂತಿ ಇಟ್ರಾ?"

"ಇಡ್ದೆ ಇರಕ್ಕಾದ್ದಾ ಕಣವ್ವ? ಲೈಟು ಕಾಣ್ಲಿ ಅಂತ ಅಮೃತೇಶ ಆನ್ ಮಾಡಿದ್ದ. ಆ ಗಾಳಿ ಓಗೋ ಜಾಲ್ರಿ ತಾವ ಪುಡಿ ಇಟ್ಟಂಗಿಟ್ಟಂಗೆ ಮಾಯ ಆಗದು. ದೇವ್ರೇ ತಗತಾವ್ನೆ ಅಂತ ಇನ್ನೊಂದಿಷ್ಟು ಇಟ್ಟೆ. ಆಮೇಲೆ ಇನ್ನೊಂದಿಷ್ಟು."

ರೋಜಾಳಿಗೆ ನಗು ತಡೆಯಲಾಗುವುದಿಲ್ಲ. ನಗುತ್ತಲೇ ಕಣ್ಣಲ್ಲಿ ನೀರು. ಮಲ್ಲಾಜಮ್ಮ ಗಾಬರಿಯಾಗಿ "ತಪ್ಪಾಯ್ತೇನವ್ವ?" ಎಂದರೆ, "ಇಲ್ಲ ಅಮ್ಮಾರೇ, ನೀವು ನನ್ನ ಉಳುಸುದ್ರಿ," ಎಂದು ಅವರ ಕೈ ಹಿಡಿದುಕೊಳ್ಳುತ್ತಾಳೆ. ತಪ್ಪು ತನ್ನ ಆಯ್ಕೆಯದಲ್ಲ ಎಂಬ ನೆಮ್ಮದಿ ಅವಳ ಮುಖದ ತುಂಬ ಹರಡಿದೆ.

ಪೇಂಟ್ ಬ್ರಶ್ಶಿನಿಂದ ಸಂದು ಬಿಡಿಸಿ, ಪಕ್ಕದಂಗಡಿಯ ಸೈಕಲ್ ಪಂಪಿನಿಂದ ಗಾಳಿ ಹೊಡೆದು, ತಗ್ಗಿಸಿದ್ದ ವೇಗವನ್ನು ಮತ್ತೆ ಏರಿಸಿ ಮಷೀನು ಚಾಲೂ ಮಾಡುತ್ತಾಳೆ. ಆಟ ಓಡುತ್ತದೆ. ಟೀ ಬಂದು ಮುಗಿಯುತ್ತದೆ, ತಟ್ಟೆ ಇಡ್ಲಿ ಬಂದು ಮುಗಿಯುತ್ತದೆ, ಆಟ ಓಡುತ್ತಲೇ ಇದೆ. ಎಪ್ಪತ್ತು ಡಿಗ್ರಿ ದಾಟಿ ಹಾರುತ್ತಿದ್ದ ಕಾವು ಐವತ್ತರ ಹತ್ತಿರ ತೆಪ್ಪಗೆ ಕೂತಿದೆ. ಅಮೃತೇಶ್ ಬಂದವರು ಪರದೆಯನ್ನೊಮ್ಮೆ, ತಾಯಿಯನ್ನೊಮ್ಮೆ ನೋಡಿ ತಲೆ ಕೆರೆದುಕೊಳ್ಳುತ್ತಾರೆ. "ಮಿಕ್ಕ ನಾಲ್ಕುನ್ನೂ ನೀನೇ ಮಾಡ್ಬುಡು ಕಣಮ್ಮ," ಎನ್ನುತ್ತಾರೆ.

ಅಂಗಡಿಯ ಬೋರ್ಡಿನಲ್ಲಿ ನಿನ್ನ ಹೆಸರೂ ಬರೆಸಬಾರದೇ ಎಂದು ನಾನು ಕೇಳಿದರೆ ರೋಜಾ ತಲೆ ಅಡ್ಡಡ್ಡ ಆಡಿಸುತ್ತಾಳೆ.

"ಬ್ಯಾಡ ಸಾ. ಮಷೀನು ನಿಂತೋದ್ರೇನೇ ಎಲ್ರೂ 'ಯಾರ್ ಮಾಡಿದ್ದು ಇದ್ನ' ಅಂತ ಕೇಳೋದು. ಯಾರೂ ನನ್ ಎಸ್ರೇ ಎತ್ತದಂಗೆ ಆ ಉಡುಗ್ರು ಆಡ್ಕಂಡಿರ್ಲಿ. ಅಷ್ಟಾದ್ರೆ ಸಾಕು."