ಜರ್ಮನ್ ಬಾಟಲಿಯ ಮಾತು, ಅವ್ವನ ಉಪ್ಪಿನಕಾಯಿ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಧಾರವಾಡದ ಹಾಸ್ಟೆಲಿನಲ್ಲಿದ್ದು ಬಿ.ಎ. ಮಾಡುವಾಗ ಸಂಜೆ ಹೊತ್ತು ಜರ್ಮನ್ ಭಾಷೆಯ ಸರ್ಟಿಫಿಕೇಟ್ ಕೋರ್ಸನ್ನೂ ಮಾಡಿದ್ದೆ. ನಮ್ಮೂರು ತಿಳವಳ್ಳಿಯಲ್ಲಿ ಅದರಿಂದೇನು ಉಪಯೋಗವೆಂದು ಎಲ್ಲರೂ ನಕ್ಕಿದ್ದರು.

ಎಂಬತ್ತರ ದಶಕದ ಆರಂಭ. ಹಾನಗಲ್ಲಿನಲ್ಲಿ ಮಾವಿನ ಉಪ್ಪಿನಕಾಯಿ, ಮುರಬ್ಬ ಮಾಡುವ ಸಣ್ಣ ಕಾರ್ಖಾನೆಯೊಂದಿತ್ತು. ಮಾಲು ಪರದೇಶಕ್ಕೆ ಕಳಿಸುವ ಹುಮ್ಮಸ್ಸಿನಲ್ಲಿ ಅದರ ಮಾಲೀಕರು ಮುಂಬಯಿಯಿಂದ ಜರ್ಮನಿಯ ಮೂರು ಜಾಮ್ ಬಾಟಲಿ ತಂದಿದ್ದರು. ಕೆಲಸ ಕೇಳಲು ಹೋದ ನನ್ನ ಮುಂದೆ ಅವನ್ನಿಟ್ಟರು.

“ತಂಗಿ, ಇದರ ಮ್ಯಾಲಿಂದು ಇಂಗ್ಲಿಷಿನ್ಯಾಗ ಮಾಡಿಕೊಡು. ನಮ್ಮ ಬಾಟಲಿ ಚೀಟಿ ಮ್ಯಾಲೂ ಹಂಗ ಛಾಪಸ್ತೇನಿ. ಚಲೋ ಆದ್ರ ಕೆಲಸ ನಿಂದು.”

ಡಿಕ್ಷನರಿ ಹಿಡಿದು ಪದಕ್ಕೆ ಪದ ಇಟ್ಟೆ. ‘ಶೀತಲವೂ ಶುಷ್ಕವೂ ಆದ ಸ್ಥಳದಲ್ಲಿ ಇರಿಸತಕ್ಕದ್ದು’, ‘ಕಡಿಮೆಯೆಂದರೂ ಈ ದಿನಾಂಕದವರೆಗೆ ಬಾಳತಕ್ಕದ್ದು’, ‘ತೆರೆಯುವಿಕೆಯ ನಂತರ ಶೀಘ್ರವಾಗಿ ಉಪಯೋಗಿಸತಕ್ಕದ್ದು’ ಎಂಬಂಥ ಇಂಗ್ಲಿಷ್ ಆಯಿತು. ಮಾಲೀಕರು ಓದಿ ಕನ್ನಡಕ ತೆಗೆದರು.

“ಇದೇನವಾ, ಉಪ್ಪಿನಕಾಯಿನೋ ಕೋರ್ಟ್ ನೋಟೀಸೋ? ನಾಳಿ ಮುಂಜಾನಿತನಕ ನೋಡ್ತೇನಿ. ಇಲ್ಲಂದ್ರ ಹುಬ್ಬಳ್ಳಿಯಿಂದ ಯಾರನ್ನಾರ ಕರಸ್ತೇನಿ.”

ಬಸ್ಸಿಳಿದು ಮನೆಗೆ ಬಂದರೆ ಅವ್ವ ಪಕ್ಕದ ಮನೆಯಾಕೆಗೆ ಉಪ್ಪಿನಕಾಯಿ ಕೊಡುತ್ತಿದ್ದಳು. ನಮ್ಮಲ್ಲಿ ಅದನ್ನು ಸುಮ್ಮನೆ ಕೈಗಿಡುವುದಿಲ್ಲ. ಹೇಗೆ ಕಾಯ್ದುಕೊಳ್ಳಬೇಕೆಂದು ಹೇಳಿಯೇ ಕೊಡುವುದು.

“ತಣ್ಣಗ ಇರೋ ಕಡೆ ಇಡ್ರಿ, ನೀರು ತಾಗಿಸಬ್ಯಾಡ್ರಿ. ಬಾಯಿ ಬಿಚ್ಚಿದ ಮ್ಯಾಲೆ ಲಗೂ ಮುಗಸ್ರಿ. ದೀಪಾವಳಿ ಒಳಗ ತಿಂದ್ರ ರುಚಿ, ಆಮ್ಯಾಲೆ ಹೋಳು ಮೆತ್ತಗಾಗ್ತಾವ.”

ನಾನು ಬಾಗಿಲಲ್ಲೇ ನಿಂತೆ. ಬಾಟಲಿಯ ಮೇಲಿದ್ದ ಮೂರೂ ಮಾತು ಅವೇ ಆಗಿದ್ದವು. ಕಟ್ಟೆಯ ಮೇಲೆ ಕೂತು, ಅವ್ವ ಇಂಗ್ಲಿಷಿನಲ್ಲಿ ಹೇಳಿದ್ದರೆ ಹೇಗೆ ಹೇಳುತ್ತಿದ್ದಳೋ ಹಾಗೆ ಬರೆದೆ: ಕೀಪ್ ಇನ್ ಎ ಕೂಲ್, ಡ್ರೈ ಪ್ಲೇಸ್. ಯೂಸ್ ಸೂನ್ ಆಫ್ಟರ್ ಓಪನಿಂಗ್. ‘ಬಾಳತಕ್ಕದ್ದು’ ಹೋಗಿ ಬೆಸ್ಟ್ ಬಿಫೋರ್ ಬಂತು.

“ಈಗ ತಿಳೀತು ನೋಡು,” ಎಂದರು ಮಾಲೀಕರು ಮರುದಿನ ಮುಂಜಾನೆ ಅದನ್ನೋದಿ. “ಸೋಮವಾರದಿಂದ ಬಾ.” ಅವರು ಕೊಟ್ಟ ಆ ಒಂದು ದಿನವನ್ನು ನಾನು ಮರೆತಿಲ್ಲ.

ಮೊದಲ ಚೀಟಿ ಅಚ್ಚಾದಾಗ ಮನೆಗೆ ಒಯ್ದು, ಅಕ್ಷರ ಬಾರದ ಅವ್ವನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಅವಳು ಪೂರ್ತಿ ಕೇಳಿದಳು.

“ಹಸಿ ಚಮಚ ಹಾಕಬ್ಯಾಡ್ರಿ ಅಂತ ಇಲ್ಲಲ್ಲ?”

“ಜರ್ಮನಿಯವರು ಬರದಿಲ್ಲವ್ವಾ.”

“ಅವರೇನು ಉಪ್ಪಿನಕಾಯಿ ಹಾಕ್ಯಾರ? ನೀ ಬರಿ.”

ಮಾಲೀಕರು ನಕ್ಕು ಒಪ್ಪಿದರು. ನಾನು ಅಲ್ಲಿದ್ದಷ್ಟು ವರ್ಷವೂ ಪ್ರತಿ ಬಾಟಲಿಯ ಮೇಲೆ ಕೊನೆಯ ಸಾಲು ಅವ್ವನದೇ ಇತ್ತು: ಯೂಸ್ ಎ ಡ್ರೈ ಸ್ಪೂನ್.