ಗಟ್ಟಿ ಆಯಿಲೋ, ತೆಳು ಆಯಿಲೋ?

ಗೆಳೆಯರೇ, ನಾಳೆ ಮನೆಮಂದಿಯೆಲ್ಲ ನಮ್ಮ ಕಾರಿನಲ್ಲೇ ವಿಶಾಖಪಟ್ಟಣಕ್ಕೆ ಹೊರಡಬೇಕು. ದೂರದ ದಾರಿ ಎಂದು ಇವತ್ತು ಎಂಜಿನ್ ಆಯಿಲ್ ಬದಲಿಸಲು ನಾನೂ ಹೆಂಡತಿಯೂ ವಿಜಯವಾಡದ ಗ್ಯಾರೇಜುಗಳ ಬಡಾವಣೆ ಆಟೋನಗರ್‌ಗೆ ಹೋಗಿದ್ದೆವು. ಈ ಸಲ ಸಿಂಥೆಟಿಕ್ ಆಯಿಲ್ ಹಾಕಿಸುವ ಆಸೆ ನನ್ನದು.

"ಇರೋದರಲ್ಲೇ ಗಟ್ಟಿಯಾದ್ದು ಹಾಕಿ," ಎಂದೆ.

"ವದ್ದು ಸಾರ್, ತೆಳ್ಳಗಿರೋದೇ ಮಂಚಿದಿ," ತೆಳುವೇ ಒಳ್ಳೆಯದು ಎಂದು ತೆಲುಗು ಬೆರೆಸಿ ತಡೆದರು ಮೆಕ್ಯಾನಿಕ್ ಸುಬ್ಬಾರಾವ್.

ಅರ್ಧ ಗಂಟೆ ವಾದ ಮಾಡಿದೆವು. ಕೊನೆಗೆ ನನ್ನ ಹೆಂಡತಿ ಕಾರಿನ ಜೊತೆ ಕೊಟ್ಟಿದ್ದ ಪುಸ್ತಕ ಹಿಡಿದುಕೊಂಡು ಕಾರಿನೊಳಗಿಂದ ಇಳಿದಳು.

"ರೀ, ಎರಡೂ ಅಲ್ಲ. ನಮ್ಮ ಕಾರಿಗೆ ಯಾವ ಗ್ರೇಡ್ ಅಂತ ಇಲ್ಲೇ ಬರೆದಿದೆ."

ಸುಬ್ಬಾರಾವ್ ಓದಿ ನಕ್ಕುಬಿಟ್ಟರು. "ಮೊದಲೇ ಹೇಳಬಾರದಿತ್ತಾ ಅಮ್ಮಾ?"

"ನೀವಿಬ್ಬರೂ ಬಾಯಿ ಮುಚ್ಚಿದರಲ್ವಾ ಹೇಳೋದು!"

ಅದೇ ಗ್ರೇಡಿನ ಸಿಂಥೆಟಿಕ್ ಸಿಕ್ಕಿತು. ವಾಪಸ್ ಬರುವಾಗ ಎಂಜಿನ್ನಿನ ಸದ್ದು ಎಷ್ಟೋ ಕಡಿಮೆಯಾಗಿತ್ತು. ನನ್ನದೂ.